ರೇಡಿಯೇಟರಿಗೆ ಅರಿಶಿನ ಶಾಸ್ತ್ರ

ಹೋದ ಮಾಘದ ಒಂದು ಬೆಳಗ್ಗೆ, ಬಿಸಿಲು ಚುರುಕಾದ ಹೊತ್ತಿಗೆ, ಅಜ್ಜಂಪುರದಿಂದ ತರೀಕೆರೆಗೆ ಹೋಗುವ ರಸ್ತೆಯ ಎಡಬದಿಯಲ್ಲಿ, ನನ್ನ ಕಾರಿನ ತೆರೆದ ಬಾನೆಟ್ಟಿನ ಮುಂದೆ ನಾನು ನಿಂತಿದ್ದೆ. ಕೈಯಲ್ಲಿ ಒದ್ದೆ ಟವೆಲು. ಮುಖದಲ್ಲಿ ತುಂಬು ಧೈರ್ಯ.

ತರೀಕೆರೆಯಲ್ಲಿ ನಾದಿನಿಯ ಮಗಳಿಗೆ ಅರಿಶಿನ ಶಾಸ್ತ್ರ. ಅರಿಶಿನ ತಾಯಿಯ ತವರಿನಿಂದಲೇ ಬರಬೇಕು. ಅಜ್ಜಂಪುರದಲ್ಲಿ ಮುತ್ತೈದೆಯರು ಹಾಡಿ ಕುಟ್ಟಿದ ಪುಡಿಯ ಡಬ್ಬಿ ನನ್ನ ಹೆಂಡತಿ ಗಿರಿಜೆಯ ಮಡಿಲಲ್ಲಿತ್ತು. ಹೊರಡುವಾಗ ನೋಡಿದರೆ ರೇಡಿಯೇಟರ್ ತೊಟ್ಟಿಕ್ಕುತ್ತಿದೆ! ಅರಿಶಿನ ಹಾಕಿದರೆ ಸೋರುವುದು ನಿಲ್ಲುತ್ತದೆಂದು ಕಡೂರಿನ ಲಾರಿ ಡ್ರೈವರೊಬ್ಬ ಹೇಳಿದ್ದು ನೆನಪಾಯಿತು.

"ಶಾಸ್ತ್ರದ ಅರಿಶಿನ ಕಣ್ರೀ!"

"ಒಂದು ಚಿಟಿಕೆ ಸಾಕು ಕಣೇ."

ಚಿಟಿಕೆ ಸಾಲಲಿಲ್ಲ. ಡಬ್ಬಿಯನ್ನೇ ಬಗ್ಗಿಸಿದೆ. ಸೋರುವುದು ನಿಂತಿತು! ನನ್ನ ಎದೆ ಉಬ್ಬಿತು.

ಅರ್ಧ ದಾರಿಯಲ್ಲಿ ಕಾವಿನ ಮುಳ್ಳು ಕೆಂಪಿಗೆ ಏರಿತು. ಕಾರು ನಿಲ್ಲಿಸಿದೆ.

"ಲೇ, ಆರೋವರ್ಗೂ ಮುಟ್ಬೇಡಪ್ಪಾ," ಎಂದರು ಹಿಂದಿನ ಸೀಟಿನಿಂದ ಇಳಿದ ಮಾವ ರುದ್ರಪ್ಪನವರು, ಹೊಸ ಬಿಳಿ ಪಂಚೆ ಎತ್ತಿಕೊಂಡು ದೂರ ಸರಿಯುತ್ತಾ.

"ಸುಮ್ನಿರಿ ಮಾವ, ನಂಗೊತ್ತು."

ನನಗೆ ಗೊತ್ತಿರಲಿಲ್ಲ. ರೇಡಿಯೇಟರೆಂದರೆ ಮೇಲೊಂದು ತೊಟ್ಟಿ, ಕೆಳಗೊಂದು ತೊಟ್ಟಿ, ನಡುವೆ ಸಾಲುಸಾಲು ಚಪ್ಪಟೆ ಕೊಳವೆ, ಅವುಗಳ ನಡುವೆ ಕಾಗದದಷ್ಟು ತೆಳು ತಗಡಿನ ಮಡಿಕೆ. ಇಂಜಿನ್ನಿನ ಕಾವು ಹೊತ್ತ ನೀರು ಕೊಳವೆಗಳಲ್ಲಿ ತೆಳ್ಳಗೆ ಇಳಿಯುತ್ತದೆ. ಎದುರುಗಾಳಿ ತಗಡಿನಿಂದ ಕಾವು ಕಸಿಯುತ್ತದೆ. ತಣಿದ ನೀರು ಮತ್ತೆ ಇಂಜಿನ್ನಿಗೆ. ಮುಚ್ಚಳ ಒತ್ತಡವನ್ನು ಬಿಗಿಹಿಡಿದಿರುವುದರಿಂದ ಅಷ್ಟು ಕಾದರೂ ನೀರು ಕುದಿಯುವುದಿಲ್ಲ. ನಾನು ದಿನಾ ನೊಣ ಒರೆಸುತ್ತಿದ್ದ ಜಾಲರಿಯ ಹಿಂದೆ ಇಷ್ಟೆಲ್ಲ! ಆ ಕೊಳವೆಗಳಿಗೆ ನಾನು ಅರಿಶಿನ ಮೆತ್ತಿದ್ದೆ. ಈಗ ಮುಚ್ಚಳ ತಿರುಗಿಸಿದೆ.

ಮೊದಲು ಬುಸ್ ಎಂದಿತು. ಟವೆಲು ಬಿಟ್ಟು ಹಿಂದಕ್ಕೆ ಹಾರಿದೆ. ಆಮೇಲೆ ಒಂದು ಹಳದಿ ಕಂಬ ಎದ್ದಿತು. ನಿಧಾನವಾಗಿ ಹೇಳುತ್ತೇನೆ, ಉತ್ಪ್ರೇಕ್ಷೆಯಿಲ್ಲ: ಪಕ್ಕದ ಬೇವಿನ ಮರದ ಕೊಂಬೆ ಮುಟ್ಟಿತು! ಬಿಸಿಲಲ್ಲಿ ಹೊಳೆಯಿತು. ನಾನು ಕೈಮುಗಿದುಬಿಟ್ಟೆ. ಅದು ತುಂತುರಾಗಿ, ತಣ್ಣಗಾಗಿ, ನನ್ನ ಮೇಲೆ, ಮಾವನ ಪಂಚೆಯ ಮೇಲೆ ಇಳಿಯಿತು.

ಆಟೋ ಹಿಡಿದು ತರೀಕೆರೆ ಸೇರಿದೆವು. ನಾದಿನಿ ಬಾಗಿಲಲ್ಲೇ ಕೇಳಿದಳು, "ಅಕ್ಕಾ, ಅರಿಶಿನ ಎಲ್ಲೇ?"

"ನಿಮ್ಮ ಭಾವನ ಮೈಮೇಲಿದೆ ಕಣೇ. ಕೆರೆದು ತಗೋ!"

ಡಬ್ಬಿಯ ಮೂಲೆಗೆ ಅಂಟಿದ್ದ ಪುಡಿಯಲ್ಲಿ ಶಾಸ್ತ್ರ ನಡೆಯಿತು. ಮದುಮಗಳಿಗಿಂತ ನಾನೇ ಹೆಚ್ಚು ಹಳದಿಯಾಗಿದ್ದೆ.

ಆ ಕಂಬವನ್ನು ಕಣ್ಣಾರೆ ಕಂಡವರು ಇನ್ನಿಬ್ಬರು: ಗಿರಿಜೆ, ರುದ್ರಪ್ಪನವರು. ಇಬ್ಬರೂ ಗಟ್ಟಿಯಾಗಿದ್ದಾರೆ. ಅವರ ನೆನಪೂ ಗಟ್ಟಿಯಾಗಿದೆ. ಹೋದದ್ದು ರೇಡಿಯೇಟರ್ ಒಂದೇ!