ಜೂಸಪ್ಪನೂ ನನ್ನ ಗಡೀಪಾರೂ

ಮೈಕು ಕೈಗೆ ಸಿಕ್ಕಾಗ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವವನು ಜಾಣ. ನಾನು ಜಾಣನಲ್ಲ ಎಂಬುದಕ್ಕೆ ಇಡೀ ಚನ್ನರಾಯನದುರ್ಗ ಹೋಬಳಿಯೇ ಸಾಕ್ಷಿ. ಮಧುಗಿರಿಯ ಒಂದು ಹೈಸ್ಕೂಲಿನಲ್ಲಿ ನಾನು ಡ್ರಿಲ್ ಮೇಷ್ಟ್ರು. ಆ ಹೋಬಳಿಯ ಕ್ರೀಡಾಕೂಟಕ್ಕೆ ತೀರ್ಪುಗಾರನಾಗಿ ಹೋದವನು, ಕಬಡ್ಡಿ ಅಂಕಣಕ್ಕೆ ಸುಣ್ಣದ ಗೆರೆ ಎಳೆಯುವಷ್ಟು ಹೊತ್ತು ಸುಮ್ಮನಿರಬಹುದಿತ್ತು. ಇರಲಿಲ್ಲ. ಮೈಕು ಹಿಡಿದು, "ಮಕ್ಕಳೇ, ಒಲಿಂಪಿಕ್ಸ್ ಹುಟ್ಟಿದ್ದು ರೋಮಿನಲ್ಲಿ!" ಎಂದು ಗುಡುಗಿದೆ. ಮುಂದಿನ ಸಾಲಿನಲ್ಲಿದ್ದ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು, "ಸಾ, ರೋಮಲ್ಲ ಸಾ, ಗ್ರೀಸು" ಎಂದಳು. ಹಾಳು ಮೈಕು ಅವಳ ಮಾತನ್ನೂ ಊರಿಗೆಲ್ಲ ಮುಟ್ಟಿಸಿತು. ಅದು ಅವ್ವನ ತವರೂರು ಬೇರೆ. ಬೇಲಿ ಪಕ್ಕ ನಿಂತಿದ್ದ ಸೋದರಮಾವನ ಕಡೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಎಸ್ಸೆಸ್ಸೆಲ್ಸಿಯನ್ನು ಮೂರನೇ ಸಲಕ್ಕೆ ದಾಟಿದವನು ನಾನು. ಪುಸ್ತಕಕ್ಕೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೆ ಅವತ್ತು ಬಸ್ಸಿನಲ್ಲಿ ಮಧುಗಿರಿಗೆ ಬಂದಿಳಿಯುವಷ್ಟರಲ್ಲಿ ಹಠ ಹುಟ್ಟಿತ್ತು. ತುಮಕೂರಿನ ಹಳೇ ಪುಸ್ತಕದ ಅಂಗಡಿಯಲ್ಲಿ ಗ್ರೀಕರ ಚರಿತ್ರೆ ಸಿಕ್ಕಿತು. ಅವರ ತತ್ತ್ವಚಿಂತನೆಯದೊಂದು ಸಿಕ್ಕಿತು, ಅದರ ಅಕ್ಷರಗಳು ಇರುವೆ ಸಾಲಿನಷ್ಟು ಸಣ್ಣವು. ದೇವದೇವತೆಯರ ಕಥೆಗಳದು ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ಶಿರಾದಲ್ಲಿ ನನ್ನ ಹಾಗೇ ಡ್ರಿಲ್ ಮೇಷ್ಟ್ರಾಗಿರುವ ಗೆಳೆಯ ನಯಾಜನಿಗೆ ಫೋನು ಮಾಡಿ, ಗ್ರೀಕರದು ಏನಾದರೂ ಸಿಕ್ಕರೆ ಕಳಿಸು ಎಂದೆ. "ಗ್ರೀಕ್ ಅಂದ್ರೆ ಯುನಾನ್ ಅಲ್ವಾ ಭಾಯ್? ನಮ್ಮ ಹಕೀಮ್ ಸಾಬ್ರತ್ರ ರಾಶಿ ಐತೆ!" ಎಂದವನೇ ಮೂರು ಸಂಪುಟ ಕಳಿಸಿಕೊಟ್ಟ. ಬಿಚ್ಚಿ ನೋಡಿದರೆ ಯುನಾನಿ ವೈದ್ಯದ ಪುಸ್ತಕಗಳು, ಮೊದಲಿಂದ ಕೊನೆಯವರೆಗೆ ಉರ್ದು. ಅವನ ತಪ್ಪೇನೂ ಇಲ್ಲ, ಆ ವೈದ್ಯದ ಬೇರು ಗ್ರೀಸಿನಲ್ಲೇ ಇದೆಯಂತೆ. ಒಂದಕ್ಷರ ಓದಲು ಬಾರದಿದ್ದರೂ, ಬಂಗಾರದ ಅಂಚಿದೆಯೆಂದು ಅವನ್ನೇ ಎಲ್ಲಕ್ಕಿಂತ ಮುಂದೆ ಜೋಡಿಸಿದೆ.

ಜೋಡಿಸಿದ್ದೆಲ್ಲಿ ಎಂಬುದೇ ರಗಳೆ. ನಮ್ಮ ನಡುಮನೆಯಲ್ಲಿ ಇರುವುದು ಒಂದೇ ಗೋಡೆಬೀರು. ವರ್ಷಕ್ಕಾಗುವ ಹುಣಸೆಹಣ್ಣಿನ ಜಾಡಿ ತಲೆತಲಾಂತರದಿಂದ ಅದರಲ್ಲೇ ಇತ್ತು. ನಾನು ಅದನ್ನು ಎತ್ತಿ ಅಡುಗೆಮನೆಯ ಬಾಗಿಲಿಗೆ ಇಟ್ಟೆ. ಹೋಗುವಾಗೊಮ್ಮೆ ಬರುವಾಗೊಮ್ಮೆ ಎಲ್ಲರೂ ಅದನ್ನು ಎಡವಿದರು. ನನ್ನ ಹೆಂಡತಿ ಗಿರಿಜ ಪಾವಗಡದವಳು, ಸಿಟ್ಟು ಬಂದರೆ ಬಾಯಲ್ಲಿ ತೆಲುಗು ಬರುತ್ತದೆ. "ಚಾಲು ರೀ, ಚಾಲು! ಸಾಕು ನಿಮ್ಮ ಗ್ರೀಕು. ಗುಜರಿಯವ್ನು ಬರ್ಲಿ, ಎಲ್ಲಾ ಎತ್ತಿ ಹಾಕ್ತೀನಿ" ಎಂದಳು. ನಾನು ಕೇಳಿಸದವನಂತೆ ಓದುತ್ತಾ ಕೂತೆ.

ಓದುವುದೆಂದರೆ ನನಗೆ ಗಟ್ಟಿಯಾಗಿ ಓದುವುದು. ಇಪ್ಪತ್ತಾರು ವರ್ಷ "ಸಾವಧಾನ್, ವಿಶ್ರಾಮ್" ಎಂದು ಕೂಗಿದ ಗಂಟಲಿಗೆ ಪಿಸುದನಿ ಎಲ್ಲಿಂದ ಬರಬೇಕು? ಗ್ರೀಕರ ದೇವರಾಜ ಸಿಡಿಲು ಎಸೆದರೆ ಪಕ್ಕದ ಮನೆಯ ನಾಯಿ ಬೊಗಳುತ್ತಿತ್ತು. ಆ ದೇವರಾಜನ ಹೆಸರು ಜ್ಯೂಸ್. "ಇದೇನ್ಲಾ, ಕಬ್ಬಿನಾಲಿನಂಗ್ಡಿ ಎಸ್ರು ಇಕ್ಕವ್ರೆ ದ್ಯಾವ್ರಿಗೆ?" ಎಂದ ಅವ್ವ ಅವನನ್ನು ಜೂಸಪ್ಪ ಮಾಡಿದಳು. ಅವನ ಹೆಣ್ಣಿನ ಚಪಲವನ್ನು ಓದಿದಾಗ, "ಅವ್ನೂ ನಮ್ ಇಂದ್ರುನ್ ತರಾನೇ ಬುಡು. ಮ್ಯಾಲೆ ಕುಂತೋರೆಲ್ಲಾ ಇಂಗೇಯಾ" ಎಂದು ತೀರ್ಪು ಕೊಟ್ಟಳು. ಒಂದು ದಿನ ಅವಳೇ, "ಪಾಪ, ಆ ಬೆಂಕಿ ಕದ್ದೋನ್ನ ಬಂಡೆಗೆ ಕಟ್ಟಾಕ್ಬುಟ್ರಲ್ಲಾ ಕಣ್ಲಾ" ಎಂದು ಕಣ್ಣೊರೆಸಿಕೊಂಡಳು. ನಾನಿನ್ನೂ ಆ ಪುಟಕ್ಕೆ ಬಂದೇ ಇರಲಿಲ್ಲ. ವಯಸ್ಸಾಯಿತು, ಏನೋ ಕನಸು ಕಂಡಿರಬೇಕು ಎಂದುಕೊಂಡೆ. ಪುಟಗಳಲ್ಲಿ ಅಲ್ಲಲ್ಲಿ ಹುಣಸೆಯ ಕಂದು ಕಲೆ ಕಂಡು, ಪಿಯುಸಿ ಓದುವ ಮಗಳು ಚೈತ್ರಳನ್ನು ಬೈದೆ. ಅವಳು ತುಟಿ ಕಚ್ಚಿ ನಕ್ಕಳು.

ಕೊನೆಗೊಂದು ಶನಿವಾರ ಗಿರಿಜ ಜಾಡಿಯನ್ನು ಎಡವಿ ಹೆಬ್ಬೆರಳು ಒಡೆದುಕೊಂಡಳು. "ಈ ಮನೆಯಿಂದ ಒಂದು ಹೊರಗೆ ಹೋಗ್ಲೇಬೇಕು ರೀ. ನಾಳೆ ಗುಜರಿ ಗಾಡಿ ಬರುತ್ತೆ, ನೋಡ್ಕೊಳ್ಳಿ" ಎಂದಳು. ನನಗೆ ನಿಜವಾಗಿ ಸಂಕಟವಾಯಿತು. ಐವತ್ತೆರಡು ವರ್ಷಕ್ಕೆ ಮೊದಲ ಬಾರಿ, ಯಾರೂ ಬೆತ್ತ ತೋರಿಸದೆ, ಪರೀಕ್ಷೆಯ ಹೆದರಿಕೆ ಇಲ್ಲದೆ ನಾನು ಓದಿದ ಪುಸ್ತಕಗಳು ಅವು. ಅವನ್ನು ತಕ್ಕಡಿಗೆ ಹಾಕುವುದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ. ಚರಿತ್ರೆಯ ಪುಸ್ತಕವನ್ನೇ ತಿರುವಿದೆ. ಸಿಕ್ಕಿತು! ಅಥೆನ್ಸಿನವರು, ಊರಿಗೆ ಯಾರು ಭಾರವೋ ಅವರ ಹೆಸರನ್ನು ಮಡಕೆಯ ಚೂರಿನ ಮೇಲೆ ಗೀಚಿ ಹಾಕುತ್ತಿದ್ದರಂತೆ. ಹೆಚ್ಚು ಚೂರು ಬಿದ್ದವನು ಹತ್ತು ವರ್ಷ ಗಡೀಪಾರು. ಮಡಕೆ ಚೂರು ಅಂದರೆ, ನಮ್ಮ ಬೋಕಿ!

ಭಾನುವಾರ ಬೆಳಿಗ್ಗೆ ಹಿತ್ತಲಿನ ಒಡೆದ ಮಡಕೆಯಿಂದ ನಾಲ್ಕು ಬೋಕಿ ಆರಿಸಿ ತಂದು, ವಿಷಲ್ ಊದಿ, ಮನೆಮಂದಿಯನ್ನು ನಡುಮನೆಗೆ ಕರೆದೆ. "ಈ ಮನೆಯಿಂದ ಏನು ಹೊರಗೆ ಹೋಗಬೇಕೋ ಅದನ್ನು ಗೀಚಿ. ತೀರ್ಪಿಗೆ ಎಲ್ಲರೂ ಬದ್ಧ" ಎಂದು ಘೋಷಿಸಿದೆ. "ಬೋಕೀಲಿ ಕುಂಟಾಬಿಲ್ಲೆ ಆಡಿದ್ವಿ ಕಣಮ್ಮ, ವೋಟಾಕಿರ್ಲಿಲ್ಲ" ಎಂದು ಅವ್ವ ಸೊಸೆಯ ಕಡೆ ನೋಡಿದಳು. ನಾನು ಮೊದಲೇ ಅವ್ವನಿಗೆ ಎರಡು ಕೋಡುಬಳೆ, ಮಗಳಿಗೆ ಮಸಾಲೆ ದೋಸೆ ಒಪ್ಪಿಸಿಯಾಗಿತ್ತು. ಚುನಾವಣೆ ನಡೆಸುವ ಕಲೆಯನ್ನು ನಮ್ಮ ತಾಲ್ಲೂಕಿನವರಿಗೆ ಗ್ರೀಕರು ಹೇಳಿಕೊಡಬೇಕಾಗಿಲ್ಲ. ಗೆಲುವು ನನ್ನದೇ ಎಂದು ಮೀಸೆ ತಿರುವುತ್ತಾ ಬೋಕಿಗಳನ್ನು ಮಗುಚಿದೆ.

ಮೊದಲನೆಯದು ನನ್ನದೇ: "ಜಾಡಿ". ಎರಡನೆಯದರಲ್ಲಿ ಚೈತ್ರಳ ಅಕ್ಷರ: "ಅಪ್ಪ". ಮೂರನೆಯದರಲ್ಲಿ ಗಿರಿಜಳದು: "ನೀವು". ಅವ್ವನಿಗೆ ಬರೆಯಲು ಬಾರದು. ಅವಳ ಬೋಕಿಯಲ್ಲಿ ಒಂದು ಗುಂಡು, ಅದಕ್ಕೊಂದು ಮೂತಿ, ಮೂತಿಗೊಂದು ದಾರ. ನೋಡನೋಡುತ್ತಾ ಕತ್ತಿನಲ್ಲಿದ್ದ ನನ್ನ ವಿಷಲ್ ಮುಟ್ಟಿಕೊಂಡೆ.

"ನಿನ್ನೆ ಪುಸ್ತಕ ಅಂತ ಹೇಳಿದ್ನಾ ನಾನು?" ಎಂದಳು ಗಿರಿಜ. "ಒಂದು ಹೋಗ್ಬೇಕು ಅಂದೆ. ನೀವು ಸ್ಕೂಲಿಗೆ ಹೋದ್ಮೇಲೆ ಹುಣಸೆ ಬೀಜ ಬಿಡಿಸ್ತಾ ನಾನು ಓದ್ತೀನಿ, ಅತ್ತೆ ಕೇಳ್ತಾರೆ. ನಿಮಗಿಂತ ತೊಂಬತ್ತು ಪುಟ ಮುಂದೆ ಇದ್ದೀವಿ. ಸಂಜೆ ನೀವು ಬಂದು ಹಳೇದನ್ನೇ ಕಿರುಚಿ ಓದ್ತೀರಿ. ನಮಗೆ ತಲೆನೋವು." ಅವ್ವ ಮಾತು ಸೇರಿಸಿದಳು: "ಜೂಸಪ್ಪನ್ ಸಿಡ್ಲಾದ್ರೂ ತಡ್ಕೋಬೋದು ಕಣ್ಲಾ, ನಿನ್ ಗಂಟ್ಲು ಆಗಾಕಿಲ್ಲ."

ಗುಜರಿ ಗಾಡಿ ಬಂತು, ಕೂಗಿತು, ಖಾಲಿಯಾಗಿ ಹೋಯಿತು. ನಾನು ಆನಂದದಿಂದ ಅದಕ್ಕೆ ಕೈ ಬೀಸಿದೆ. ಒಂದು ಪುಸ್ತಕವೂ ಹೋಗಲಿಲ್ಲ, ಹಕೀಮರದು ಕೂಡ. ಮಧುಗಿರಿಯಲ್ಲಿ ಅಥೆನ್ಸಿನ ಮತದಾನ ನಡೆಸಿದ ಮೊದಲ ಡ್ರಿಲ್ ಮೇಷ್ಟ್ರು ನಾನೇ, ಯಾರು ಬೇಕಾದರೂ ಬಂದು ಬೋಕಿ ನೋಡಬಹುದು. ಈಗ ಸಂಜೆ ಹೊತ್ತು ನನ್ನ ವಾಸ ಜಗುಲಿಯ ಮೇಲೆ. ನನಗೂ ಒಂದು ಮತ ಇತ್ತಲ್ಲ, ಅದು ವ್ಯರ್ಥವಾಗಬಾರದೆಂದು ಜಾಡಿಯನ್ನೂ ನನ್ನ ಪಕ್ಕಕ್ಕೇ ತಂದಿಟ್ಟಿದ್ದಾರೆ. ಗಡೀಪಾರಾದವನ ಆಸ್ತಿ ಅವನದೇ ಎಂದು ಅಥೆನ್ಸಿನ ಕಾನೂನಿದೆ. ಆ ಪುಟ ತೋರಿಸೋಣವೆಂದು ನಿನ್ನೆ ಕಿಟಕಿಯಿಂದ ಕೈ ಚಾಚಿ, ಚರಿತ್ರೆಯ ಪುಸ್ತಕ ಕೊಡೇ ಎಂದೆ.

"ಅತ್ತೆಗೆ ಓದಿ ಹೇಳೋದು ಮುಗೀಲಿ, ಆಮೇಲೆ ಚೈತ್ರಂದು. ಅದಾದ್ಮೇಲೆ ನಿಮ್ದು" ಎಂದು ಒಳಗಿನಿಂದ ಗಿರಿಜಳ ದನಿ ಬಂತು. "ಅಲ್ಲೀವರೆಗೂ ಬೀಜ ಬಿಡಿಸ್ತಿರಿ ರೀ. ಹಾಂ, ಗಟ್ಟಿಯಾಗಿ ಬೇಡ, ಮನಸ್ಸಲ್ಲೇ ಬಿಡಿಸಿ."