ಹಂಪ್ ಬಂತು, ಎದ್ದೇಳಿ!

ನಮ್ಮ ಸೋದರಮಾವನ ಕಾರಿನಲ್ಲಿ ಒಂದು ಸಲ ಕೂತು ಬಂದವರು ಜನ್ಮದಲ್ಲಿ ಮತ್ತೆ ಮೈಸೂರಿನ ರಸ್ತೆಗಳನ್ನು ಬೈಯುವುದಿಲ್ಲ. ಬೈಯಬೇಕಾದದ್ದು ಯಾರನ್ನು ಅಂತ ಅವರಿಗೆ ಚೆನ್ನಾಗಿ ಗೊತ್ತಾಗಿರುತ್ತೆ!

ಕಾರು ಪುಟಾಣಿ, ಹಳೇ ಕಾಲದ್ದು. ತೊಂಬತ್ತರ ದಶಕದಲ್ಲಿ ಕುಂಬಾರಕೊಪ್ಪಲಿನ ಜನವೆಲ್ಲ ಹೊಸ ಕಾರಿನ ಕನಸು ಕಾಣುತ್ತಿದ್ದರೆ, ಮಾವ ಇದಕ್ಕೆ ದಿನಾ ಬೆಳಿಗ್ಗೆ ಮೈ ತೊಳೆದು ಹೂ ಮುಡಿಸುತ್ತಿದ್ದರು. (ಅತ್ತೆಗೆ ಒಂದು ಮೊಳ ಮಲ್ಲಿಗೆ ತಂದದ್ದನ್ನು ನಾನಂತೂ ಕಾಣೆ.) ಹೊರಗೆಲ್ಲ ಥಳಥಳ. ಒಳಗೆ ನಾಲ್ಕೂ ಶಾಕ್ ಅಬ್ಸಾರ್ಬರ್ ಸತ್ತು ಯಾವ ಕಾಲವಾಗಿತ್ತೋ! ಒಂದು ಕಲ್ಲು ಹತ್ತಿಳಿದರೆ ಸಾಕು, ಮುಂದಿನ ತಿರುವಿನವರೆಗೂ ಕುಣಿದುಕೊಂಡೇ ಹೋಗುತ್ತಿತ್ತು.

ಅದಕ್ಕೆ ಮಾವ ಕಂಡುಕೊಂಡ ಉಪಾಯವೇನು ಗೊತ್ತೇ? ಹಂಪ್ ಕಂಡ ಕೂಡಲೇ ಬಸ್ ಕಂಡಕ್ಟರ್ ಥರ ಕೂಗೋರು: "ಹಂಪ್ ಬಂತು, ಎಲ್ರೂ ಸ್ವಲ್ಪ ಎದ್ದೇಳಿ!" ನಾವು ಮುಂದಿನ ಸೀಟು ಹಿಡಿದುಕೊಂಡು ಅರ್ಧ ಏಳಬೇಕು. ದಾಟಿದ ಮೇಲೆ "ಕೂತ್ಕೊಳ್ಳಿ" ಅನ್ನೋರು. ಕಾರಿನಲ್ಲಿ ಓಡಾಡಿ ಮಂಡಿನೋವು ತಂದುಕೊಂಡ ವಂಶ ನಮ್ಮದೊಂದೇ ಇರಬೇಕು.

ಮಾವನ ಮಗಳ ನಿಶ್ಚಿತಾರ್ಥಕ್ಕೆ ಬೀಗರ ಕಡೆಯ ಹಿರಿಯರೊಬ್ಬರನ್ನು ಸ್ಟೇಷನ್ನಿನಿಂದ ಕರೆತರುವ ಭಾಗ್ಯವೂ ಈ ಕಾರಿಗೇ ಬಂತು. ಪಾಪ, ಅವರಿಗೆ ನಮ್ಮ ಪದ್ಧತಿ ಗೊತ್ತಿಲ್ಲ. "ಎದ್ದೇಳಿ" ಅಂದದ್ದೇ ತಡ, ಮನೆ ಬಂತು ಅಂದುಕೊಂಡು ಧಡಕ್ಕನೆ ಎದ್ದರು. ಚಾವಣಿ ಬಡಿದು ಜರಿಪೇಟ ಮೂಗಿನವರೆಗೂ ಇಳಿದು ಅಲ್ಲೇ ಸಿಕ್ಕಿಕೊಂಡಿತು! ಏನೂ ಕಾಣದೆಯೇ ಆರತಿ ಎತ್ತಿಸಿಕೊಂಡ ಬೀಗರು ಇಡೀ ಊರಿಗೆ ಅವರೊಬ್ಬರೇ.

ಇಷ್ಟಾದ ಮೇಲೆ ಅತ್ತೆ ಬಲವಂತ ಮಾಡಿ ಮಾವನನ್ನು ಲಷ್ಕರ್ ಮೊಹಲ್ಲಾದ ಮೆಕ್ಯಾನಿಕ್ ಹತ್ತಿರ ಕಳಿಸಿದರು. ನಾನೂ ಹೋಗಿದ್ದೆ. ಮೆಕ್ಯಾನಿಕ್ ಬಾನೆಟ್ಟನ್ನು ಒಮ್ಮೆ ಒತ್ತಿ ಕೈ ಬಿಟ್ಟ. ಕಾರು ಮೇಲೆ ಕೆಳಗೆ ಓಲಾಡುತ್ತಲೇ ಇತ್ತು.

"ತಟ್ ಅಂತ ನಿಂತ್ಬುಡ್ಬೇಕು ಸಾರ್. ಶಾಕ್ ಪೂರಾ ಹೋಗ್ಬುಟ್ಟಿದೆ."

ಮಾವನ ಮುಖ ಅರಳಿತು. "ಈ ವಯಸ್ಸಲ್ಲೂ ಎಷ್ಟು ಜೀವ ಇದೆ ನೋಡಯ್ಯ! ಶಾಕ್ ಅಬ್ಸಾರ್ಬರ್ ಬೇಕಾಗೋದು ಓಡ್ಸಕ್ಕೆ ಬರ್ದೇ ಇರೋರಿಗೆ."

ಇಂಥವರಿಗೆ ಏನು ಹೇಳ್ತೀರಿ? ಹಾಗೇ ವಾಪಸ್ ಬಂದೆವು, ದಾರಿಯುದ್ದಕ್ಕೂ ಎದ್ದು ಕೂತು, ಎದ್ದು ಕೂತು.

ಕೆಲವು ವರ್ಷ ಕಳೆದು ಅತ್ತೆಗೆ ಬೆನ್ನುಮೂಳೆಯ ಆಪರೇಷನ್ ಆಯಿತು. ಮನೆಗೆ ಕಳಿಸುವ ಹಿಂದಿನ ದಿನ ಡಾಕ್ಟರು, "ದಾರೀಲಿ ಜೋರಾಗಿ ಕುಲುಕಿದ್ರೆ ಮತ್ತೆ ಇಲ್ಲಿಗೇ ಬರ್ಬೇಕಾಗುತ್ತೆ" ಅಂದರು. ಮಾವ ಬಾಯಿ ತೆಗೆಯುವ ಮೊದಲೇ ಅತ್ತೆ ಮಲಗಿದ್ದಲ್ಲಿಂದಲೇ ಹೇಳಿದರು: "ನಿಮ್ ಕಾರಲ್ಲಿ ಬೇಡ ಕಣ್ರೀ. ಹಂಪ್ ಬಂದ್ರೆ ಎದ್ದೇಳಕ್ಕೆ ನನ್ ಕೈಲಿ ಆಗಲ್ಲ."

ಮಾವ ನೇರ ಲಷ್ಕರ್ ಮೊಹಲ್ಲಾಕ್ಕೆ ಹೋಗಿ ನಾಲ್ಕೂ ಶಾಕ್ ಅಬ್ಸಾರ್ಬರ್ ಹೊಸದು ಹಾಕಿಸಿದರು. ಸಂಜೆ ನನ್ನನ್ನು ಬನ್ನಿಮಂಟಪದ ಕಡೆ ಕರೆದುಕೊಂಡು ಹೋಗಿ, ಯಾರಿಗೂ ಮುಟ್ಟಗೊಡದ ಸ್ಟೀರಿಂಗನ್ನು ನನ್ನ ಕೈಗೆ ಕೊಟ್ಟು, ತಾವು ಹಿಂದಿನ ಸೀಟಿನಲ್ಲಿ ಕಾಲು ಮಡಚಿಕೊಂಡು ಮಲಗಿದರು.

"ಇದೇನು ಮಾವ, ಮಲಗ್ಬುಟ್ರಿ?"

"ನಾಳೆ ಅವಳು ಹಿಂಗೇ ಅಲ್ವೇನೋ ಬರೋದು? ನೀನು ಹತ್ಸು."

ಹಂಪ್ ಹತ್ತಿಸಿದೆ. ಕಾರು ಒಮ್ಮೆ ತಗ್ಗಿ, ಎದ್ದು, ಸುಮ್ಮನಾಯಿತು. "ಸೂಪರ್ ಮಾವ!" ಅಂದೆ. ತಿರುಗಿ ನೋಡಿದರೆ ಕಣ್ಣು ಮುಚ್ಚಿಕೊಂಡು, ತಮ್ಮ ಬೆನ್ನಿನ ಕೆಳಗೆ ಒಂದು ಕೈ ಇಟ್ಟುಕೊಂಡಿದ್ದರು. ಅವರನ್ನು ಕಂಡು ನಗು ಬಾರದೆ ಹೋದದ್ದು ನನಗೆ ಅದೇ ಮೊದಲು.

"ಚೂರು ಅಲುಗ್ತು ಕಣೋ. ಅವಳಿಗೆ ನೋಯುತ್ತೆ," ಅಂದರು. "ಹಿಂದಕ್ಕೆ ತಗೊಂಡು ಇನ್ನೂ ನಿಧಾನಕ್ಕೆ ಹತ್ಸು."