ಫ್ರಿಜ್ಜಿನಲ್ಲಿ ಉಳಿದ ರಾಯರು

ಪುಣೆಯ ಸ್ವಾರಗೇಟ ಹತ್ತಿರದ ನಮ್ಮ ವಾಡೆಯಲ್ಲಿ ಜನ ಸಾಯುತ್ತಾರೆ, ಅವರ ಗುಟ್ಟು-ಭಾನಗಡಿ ಮಾತ್ರ ಸಾಯುವುದಿಲ್ಲ. ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಕಣ್ಣು, ಕಿವಿ ಕಲಿಸಿದ್ದಷ್ಟೇ ಗೊತ್ತು.

೧. ಪಗಾರದ ಚಾಡಿ

ನನ್ನ ಮಾಳಿಗೆ ಕೋಣೆಗೆ ಧಾರವಾಡದ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ಲ್ಯಾಬಿನಲ್ಲಿ ನೌಕರಿ. "ಏನ್ ಕೆಲಸವಾ?" ಅಂದೆ.

"ಕ್ಷಯದ ಹುಳ ತನ್ನ ಜೀನಿನಾಗ ಎಲ್ಲೆಲ್ಲಿ ಬದಲಾಗಿ ಔಷಧಕ್ಕ ಜಗ್ಗದಂಗ ಆಗ್ಯದ ಅಂತ ಹುಡುಕಿ, ಕಂಪ್ಯೂಟರಿಗೆ ಹಾಕ್ತೀನ್ರಿ ಅಜ್ಜಿ. ಎಲ್ಲಾ ದೇಶದವರೂ ನೋಡ್ತಾರ."

ಯಾರು ಹೆಂಗ ಕೆಟ್ಟರು ಅಂತ ಊರಿಗೆಲ್ಲ ಸಾರುವುದು! ಜನ್ಮವೆಲ್ಲ ನಾನು ಪುಕ್ಕಟೆ ಮಾಡಿದೆ, ಇವಳಿಗೆ ಪಗಾರ.

೨. ಬಾಗಿಲು ಬಡಿದು

ಗೋಡೆಯಾಚೆಯ ಮನೆಯ ರಾಯರು ಅದೇ ಮೊಂಡ ಕ್ಷಯದಿಂದ ತೀರಿಕೊಂಡರು. "ಪೀಡಾ ಅವರ ಜೋಡಿನ ಸುಟ್ಟುಹೋತು," ಅಂದೆ.

"ಇಲ್ರಿ ಅಜ್ಜಿ. ಸತ್ತವರ ಹುಳಾನೂ ನಮ್ಮ ಲ್ಯಾಬಿನ ಫ್ರಿಜ್ಜಿನಾಗ ಜೀವಂತ ಇರ್ತಾವ. ಹೊರಗ ತಗದ್ರ ಮತ್ತ ಬೆಳೀತಾವ."

ಅಂದಿನಿಂದ ನಮ್ಮ ಮನೆಯ ಫ್ರಿಜ್ಜನ್ನೂ ಬಡಿದೇ ತೆರೆಯುತ್ತೇನೆ. ಒಮ್ಮೆ ಒಳಗಿಂದ "ಹೂಂ" ಎಂದಿತು. ಅವತ್ತು ಕರಿ ಚಹಾ ಕುಡಿದೆ.

೩. ಬೆಳಕಿಂಡಿ

ಆಮೇಲೆ ಕೆಮ್ಮು ನನಗೇ ಹತ್ತಿತು. ರಾಯರ ಹಿಂದೆಯೇ ನಾನೂ ಹೊರಟೆ ಅಂದುಕೊಂಡೆ. ಕಫ ನೋಡಿಸಿದ ಡಾಕ್ಟರು ಹೇಳಿದ್ದು ಬೇರೆ: ಇದೇ ಗುರುತಿನ ಹುಳ ಕಂಪ್ಯೂಟರಿನಲ್ಲಿ ಮೊದಲೇ ಇದೆ, ಯಾವ ಗುಳಿಗೆ ಇದಕ್ಕೆ ನಾಟುವುದಿಲ್ಲವೋ ಗೊತ್ತಿದೆ. ನಾಟುವ ಗುಳಿಗೆಯನ್ನೇ ಕೊಟ್ಟರು. ಬದುಕಿದೆ.

ಆದರೆ ವಿಚಾರಣೆಗೆ ನಮ್ಮ ಮನೆಗೆ ಬಂದ ಆರೋಗ್ಯ ಖಾತೆಯ ಹೆಣ್ಣುಮಗಳು, ರಾಯರ ಹೆಂಡತಿಯ ಎದುರೇ ಕೇಳಿಬಿಟ್ಟಳು: "ರಾಯರ ಹುಳಾನ ನಿಮಗ ಬಂದಂಗದ. ಅವರ ಉಸಿರು ತಾಗೂವಷ್ಟು ಹತ್ತರ ದಿನಾ ಕೂಡ್ತಿದ್ರೇನು?"

ರಾಯರ ಹೆಂಡತಿ ಸೆರಗು ಸೊಂಟಕ್ಕೆ ಸಿಗಿಸಿದಳು. "ಅಕ್ಕಾರ, ನಮ್ಮ ಹೊಸ್ತಿಲಾ ತುಳದವರಲ್ಲ ನೀವು. ಎಲ್ಲೆ ಭೆಟ್ಟಿ ಆಗ್ತಿದ್ರಿ?"

ನಿಜ ಇಷ್ಟೇ. ನಡುಗೋಡೆಯ ಬೆಳಕಿಂಡಿಗೆ ಕಿವಿ ಹಚ್ಚಿ ದಿನಾ ಮಧ್ಯಾಹ್ನ ಗಂಡ-ಹೆಂಡಿರ ಜಗಳ ಕೇಳುತ್ತಿದ್ದೆ. ಅದರ ಕೆಳಗೇ ರಾಯರ ಮಂಚ. ಹಾಗಂತ ಹೇಳಿದರೆ ಕಿಂಡಿಗೆ ಸಿಮೆಂಟು ಮೆತ್ತುತ್ತಾಳೆ. ಆಮೇಲೆ ನಾನು ಬದುಕಿಯಾದರೂ ಏನು ಮಾಡಲಿ?

ತಲೆ ತಗ್ಗಿಸಿ, ಹೊಸ ಮದುವಣಗಿತ್ತಿಯಂತೆ ನಾಚಿದೆ.

ಅಷ್ಟರಲ್ಲಿ ಕಿಂಡಿಯಾಚೆ, ಯಾರೂ ಇಲ್ಲದ ಆ ಕೋಣೆಯಲ್ಲಿ, ರಾಯರ ಕೆಮ್ಮು ಕೇಳಿಸಿತು. ಥೇಟ್ ಅವರದೇ. ಖಾತೆಯ ಹೆಣ್ಣುಮಗಳು ಚಪ್ಪಲಿ ಬಿಟ್ಟು ಓಡಿದಳು.

ರಾಯರ ಹೆಂಡತಿ ಮಾತ್ರ ಗೋಡೆಯತ್ತ ತಿರುಗಿ ಗದರಿಸಿದಳು: "ನಡುವ ಬಾಯಿ ಹಾಕಬ್ಯಾಡ್ರಿ! ಮೊದಲ ಈಕಿದು ಮುಗೀಲಿ, ನಿಮ್ಮನ್ನ ಆಮ್ಯಾಲ ನೋಡ್ಕೋತೀನಿ!"

ಕೆಮ್ಮು ಗಪ್ಪನೆ ನಿಂತಿತು.